ಹರಾಜಿನಲ್ಲಿ ಲಾಂಗ್ ಬೆಲ್

ಪಾವಗಡದ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಧುಗಿರಿಯ ಮುಚ್ಚಿದ ಶಾಲೆಯೊಂದರಲ್ಲಿ ಹಳೇ ಸಾಮಾನಿನ ಹರಾಜು ನಡೆದಿತ್ತು, ಬ್ಯಾಗು ಹೆಗಲಿಗೇರಿಸಿ ನುಗ್ಗಿದೆ. ಐದು ಗೋಡೆ ಗಡಿಯಾರಗಳು ಐದು ಹೊತ್ತು ತೋರಿಸುತ್ತಿದ್ದವು. ಪಕ್ಕದಲ್ಲಿ ತೂಗುತ್ತಿದ್ದ ಕಂಚಿನ ಗಂಟೆಯ ಸದ್ದು ಹೇಗಿದೆಯೋ ಎಂದು ಸುತ್ತಿಗೆಯೆತ್ತಿ ಒಂದೇಟು ಹಾಕಿದೆ.

"ಬ್ಯಾಗಿನ ಸಾರು ಸವಾಲ್ ಏರಿಸವ್ರೆ!" ಎಂದ ಹರಾಜು ಕೂಗುವವ. ಆಗ ಹರಾಜಿಗಿದ್ದುದು ಆ ಗಂಟೆಯೇ; ಅದಕ್ಕೆ ಬಿದ್ದ ಒಂದೊಂದು ಏಟೂ ಒಂದೊಂದು ಸವಾಲಂತೆ. ಗಾಬರಿಯಲ್ಲಿ ಸುತ್ತಿಗೆ ಕೆಳಗಿಡಲು ಹೋಗಿ ಇನ್ನೊಮ್ಮೆ ಬಡಿದೆ. ನನ್ನ ಮೇಲೆ ನಾನೇ ಸವಾಲು!

ಆ ಶಾಲೆಯಲ್ಲಿ ಜವಾನರಾಗಿದ್ದ ಮುದುಕರೊಬ್ಬರು ಅದೇ ಗಂಟೆಗಾಗಿ ಬೆಳಗಿನಿಂದ ಕಾದಿದ್ದರು. ಎದ್ದು ಬಂದರು.

"ನಿಂಗ್ಯಾಕ್ಲಾ ಈ ಗಂಟೆ?"

"ಸದ್ದು ಕೇಳೋಣ ಅಂತ ತಾತ, ಅಷ್ಟೇ."

"ಇಂಗಾ ಬಾರ್ಸೋದು? ಕೊಡಿಲ್ಲಿ!"

ಸುತ್ತಿಗೆ ಕಿತ್ತುಕೊಂಡು, ಶಾಲೆ ಬಿಡುವಾಗಿನ ಲಾಂಗ್ ಬೆಲ್ಲನ್ನೇ ಬಿಡದೆ ಬಾರಿಸಿದರು. ಹರಾಜಿಗೆ ಬಂದಿದ್ದವರೆಲ್ಲ ಅಲ್ಲೇ ಓದಿದವರು. ನರೆತ ತಲೆಗಳು ಒಟ್ಟಿಗೇ ಎದ್ದು ನಿಂತವು. ಆಮೇಲೆ ಒಬ್ಬರನ್ನೊಬ್ಬರು ನೋಡಿ ನಕ್ಕೇ ನಕ್ಕರು.

ತಾತ ಸುತ್ತಿಗೆ ಹಿಡಿದು ಪೆಚ್ಚಾದರು. "ಅಯ್ಯೋ, ಎಷ್ಟ್ ಏಟ್ ಹೊಡ್ದ್‌ಬುಟ್ನೋ!"

"ಒಂದೇ ಅಂತ ಬರ್ಕಂಡಿವ್ನಿ, ಕುಂತ್ಕ" ಎಂದ ಹರಾಜಿನವ. "ಒಂದ್ಸಲ... ಎರಡ್ಸಲ... ಮೂರ್ಸಲ!"

ಯಾರೂ ಸವಾಲು ಏರಿಸಲಿಲ್ಲ, ಗಂಟೆ ತಾತನದಾಯಿತು. ನಾನಂತೂ ಎರಡೂ ಕೈಗಳನ್ನು ಜೇಬಿನೊಳಗೆ ತುರುಕಿಕೊಂಡಿದ್ದೆ.