ಸರೋಜತ್ತೆ ಯಾರ ಕೋಂ?

ಕಂಪ್ಯೂಟರಿನಿಂದ ಆಗಷ್ಟೇ ಹೊರಬಂದ ಕಾಗದಕ್ಕೆ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಇರುತ್ತದೆ, ಗಮನಿಸಿದ್ದೀರಾ? ಹೋದ ವಾರ ಅಂಥದೊಂದು ಬಿಸಿ ಪಹಣಿಯನ್ನು ಕೌಂಟರಿನ ಕಿಂಡಿಯಿಂದ ತೆಗೆದುಕೊಂಡು, ಮೂಸಿ, ಆಮೇಲೆ ಓದಿದೆ. ಮಲ್ಲಂದೂರಿನ ಕಡೆಯ ಎರಡೂವರೆ ಎಕರೆ ಕಾಫಿ ತೋಟ ನನ್ನ ಹೆಸರಿಗೆ ಬಂದಿತ್ತು. ನನ್ನ ಹೆಸರು, ಪಕ್ಕದಲ್ಲಿ ‘ಕೋಂ’, ಅದರ ಪಕ್ಕದಲ್ಲಿ ನನ್ನ ಗಂಡನ ಹೆಸರು. ಅರ್ಜಿಯಲ್ಲಿ ನಾನು ಬರೆದದ್ದು ಅಪ್ಪನ ಹೆಸರು. ಆ ತೋಟವನ್ನು ನನ್ನ ಗಂಡ ನೋಡಿರುವುದೇ ಎರಡು ಸಲ. ಅದರಲ್ಲಿ ಒಂದು ಸಲ ಜಿಗಣೆ ಕಚ್ಚಿ ಅರ್ಧದಿಂದಲೇ ವಾಪಸಾದರು.

ನಮ್ಮ ಸರ್ಕಾರಿ ಕಾಗದಗಳ ಭಾಷೆ ನಿಮಗೂ ಗೊತ್ತಿರುತ್ತದೆ. ಗಂಡಾದರೆ ಇಂಥವರ ‘ಬಿನ್’, ಅಂದರೆ ಮಗ. ಮದುವೆಯಾದ ಹೆಣ್ಣು ಇಂಥವರ ‘ಕೋಂ’, ಅಂದರೆ ಹೆಂಡತಿ. ಮಗಳಿಗೆ? ಬರೆಯುವವನ ಮನಸ್ಸಿಗೆ ಬಂದದ್ದು. ಮಗಳು ಎಂಬುದು ದಾರಿಯಲ್ಲಿ ಸಿಗುವ ಒಂದು ಸ್ಟಾಪು; ಬಸ್ಸು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದು ಅವರ ನಂಬಿಕೆ.

ಸರೋಜತ್ತೆ ಆ ಸ್ಟಾಪಿನಲ್ಲೇ ಇಳಿದು ಕೂತವಳು. ಅಪ್ಪನ ತಂಗಿ. ಮದುವೆ ಬೇಡವೆಂದಳೋ, ಯಾರೂ ಕೇಳಿಕೊಂಡು ಬರಲಿಲ್ಲವೋ, ಮನೆಯಲ್ಲಿ ಎರಡು ಕಥೆಗಳಿವೆ. ಎರಡನ್ನೂ ನಾನು ನಂಬುವುದಿಲ್ಲ. ಅಜ್ಜ ಹಾಸಿಗೆ ಹಿಡಿದ ಮೇಲೆ ಚಿಗುರು ತೆಗೆಸುವುದರಿಂದ ಹಿಡಿದು ಕಣದಲ್ಲಿ ಹಣ್ಣು ಒಣಗಿಸುವವರೆಗೆ ತೋಟ ನೋಡಿದ್ದು ಅವಳು. ಅಜ್ಜ ಈರೇಗೌಡರು ಸಾಯುವ ಮೊದಲು ಎರಡೂವರೆ ಎಕರೆಯನ್ನು ‘ನನ್ನ ಮಗಳು ಸರೋಜಳಿಗೆ’ ಎಂದು ವಿಲ್ ಬರೆದಿಟ್ಟರು. ತೊಂಬತ್ತರ ದಶಕದ ನಡುವೆ ಎಲ್ಲೋ ಖಾತೆ ಬದಲಾಗಿ ಪಹಣಿ ಬಂತು: ಸರೋಜ ಕೋಂ ಈರೇಗೌಡ.

ಅಪ್ಪನ ಹೆಂಡತಿ!

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಪಿಯುಸಿ ಓದುತ್ತಿದ್ದೆ, ಯಾವುದಕ್ಕೆ ನಗಬಾರದು ಎಂಬುದು ಪಠ್ಯದಲ್ಲಿರಲಿಲ್ಲ.

“ಬಿಡೇ ಮಾರಾಯ್ತಿ, ಒಂದಕ್ಷರ ತಾನೆ,” ಅಂದರು ಅಪ್ಪ.

“ನಿನ್ ಹೆಸರಿನ ಮುಂದೆ ಹಾಕ್ಲಿ ಅಣ್ಣಯ್ಯ, ನಾನೂ ನಗ್ತೀನಿ,” ಅಂದಳು ಅತ್ತೆ.

(ಅಪ್ಪ ‘ಅಂದರು’, ಅತ್ತೆ ‘ಅಂದಳು’. ನನ್ನ ವ್ಯಾಕರಣವೂ ಅದೇ ಕಚೇರಿಯಲ್ಲಿ ಕಲಿತದ್ದಿರಬೇಕು.)

ವಿಲ್ಲಿನಲ್ಲಿ ಮಗಳು, ಪಹಣಿಯಲ್ಲಿ ಹೆಂಡತಿ. ಹಾಗಾಗಿ ಕಾಗದದ ಮಟ್ಟಿಗೆ ಆ ತೋಟದ ಒಡತಿ ಎಂಬವಳು ಲೋಕದಲ್ಲೇ ಇರಲಿಲ್ಲ. ಹೀಗೇ ಬಿಟ್ಟರೆ ನಾಳೆ ತೋಟ ತಾನಾಗಿ ತನ್ನ ಅಣ್ಣನ ಕಡೆ ಸರಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು.

ಅತ್ತೆ ನನ್ನನ್ನು ಕರೆದುಕೊಂಡು ಪೇಟೆಯ ಕಚೇರಿಗೆ ಹೋದದ್ದು ಕಾಫಿ ಹೂ ಬಿಟ್ಟಿದ್ದಾಗ ಎಂದು ನೆನಪು ಹೇಳುತ್ತದೆ. ನಂಬಬೇಡಿ. ಸಿಟ್ಟು ಬಂದಲ್ಲೆಲ್ಲ ಹೂ ಮುಡಿಸುವುದು ನನ್ನ ನೆನಪಿನ ಚಟ. ಗುಮಾಸ್ತನ ಮಾತುಗಳು ಮಾತ್ರ ಹೂವಿಲ್ಲದೆ ಉಳಿದಿವೆ.

“ಗಂಡನ ಹೆಸರು ಹೇಳಿ ಅಮ್ಮ.”

“ಇಲ್ಲ.”

“ತೀರ್ಕೊಂಡ್ರಾ?”

“ಹುಟ್ಟೇ ಇಲ್ಲ.”

ಹಿಂದಿದ್ದ ಸಾಲು ಗೊಳ್ಳೆಂದಿತು. ಗುಮಾಸ್ತ ನಗಲಿಲ್ಲ. “ಅಪ್ಪ ಇಲ್ಲ, ಗಂಡ ಇಲ್ಲ. ಹಂಗಾರೆ ಯಾರ ಆಶ್ರಯದಲ್ಲಿದೀರಿ? ಅಣ್ಣ ಇದಾರಲ್ಲ, ‘ನನ್ನ ಆಶ್ರಯದಲ್ಲಿದಾಳೆ’ ಅಂತ ಅವ್ರ ಕೈಲಿ ಬರೆಸ್ಕಂಡು ಬನ್ನಿ. ತಿದ್ದಿ ಕೊಡಣ.”

“ನಂಗೆ ನಲವತ್ತು ವರ್ಷ ಸ್ವಾಮಿ.”

“ವಯಸ್ಸು ಯಾರು ಕೇಳಿದ್ರು?”

ಈ ಮಾತು ನನ್ನನ್ನು ಈಗಲೂ ಕೆರಳಿಸುತ್ತದೆ. ಆ ವರ್ಷ ಹದಿನೆಂಟು ತುಂಬಿದ ನನ್ನ ಅಣ್ಣ, ಬನಿಯನ್ ಎಲ್ಲಿದೆ ಎಂದು ಅಮ್ಮನನ್ನು ಕೂಗಿ ಕೇಳುತ್ತಿದ್ದ. ಅವನು ಪ್ರಾಪ್ತ ವಯಸ್ಕ. ಇಡೀ ತೋಟ ನಡೆಸುತ್ತಿದ್ದ ಅತ್ತೆ ಇನ್ನೂ ಯಾರದೋ ಕಂಕುಳ ಕೂಸು. ಹಾಗೆಂದು ಯಾವ ಕಾನೂನಿನಲ್ಲೂ ಬರೆದಿಲ್ಲವೆಂದು ಆಮೇಲೆ ತಿಳಿಯಿತು. ಬರೆಯದೇ ಇರುವ ಕಾನೂನನ್ನು ತಿದ್ದುವುದಾದರೂ ಹೇಗೆ?

ಅಪ್ಪ ತಕ್ಷಣ ಒಪ್ಪಿದರು. ಸ್ವಲ್ಪ ಬೇಗನೇ ಒಪ್ಪಿದರು. ‘ಸದರಿ ಸರೋಜ ಅವಿವಾಹಿತೆಯಾಗಿದ್ದು, ನನ್ನ ಆಶ್ರಯದಲ್ಲಿರುತ್ತಾಳೆ.’ ಈ ವಾಕ್ಯವನ್ನು ಬರೆದವನು ನನ್ನ ಅಣ್ಣ ಎಂದೇ ಬಹಳ ವರ್ಷ ನೆನಪಿಟ್ಟುಕೊಂಡಿದ್ದೆ. ಸುಳ್ಳು. ಅಕ್ಷರ ದುಂಡಗಿದೆಯೆಂದು ಅಪ್ಪ ಕೂರಿಸಿದ್ದು ನನ್ನನ್ನು. ಬರೆದವಳು ನಾನು.

ಅತ್ತೆ ಓದಿದಳು. “ಅಕ್ಷರ ಚೆನ್ನಾಗಿದೆ ಕಣೇ,” ಎಂದಳು. ಕಾಗದವನ್ನು ಒಲೆಗೆ ಹಾಕಿ, ಅದರ ಮೇಲೆ ಕಾಫಿಗೆ ನೀರಿಟ್ಟಳು.

ಆಮೇಲೆ ಮೂರು ವರ್ಷ ಒಬ್ಬಳೇ ಓಡಾಡಿದಳು. ಕೊನೆಗೆ ಇವಳ ಕಾಟ ತಾಳದ ಯಾರೋ ಒಬ್ಬರು ‘ಕೋಂ’ ಹೊಡೆದುಹಾಕಿ ‘ಬಿನ್’ ಎಂದು ಬರೆದರು. ಸರೋಜ ಬಿನ್ ಈರೇಗೌಡ. ಆ ಕಾಗದ ಹಿಡಿದು ಜಗಲಿ ಹತ್ತಿದವಳೇ ಅತ್ತೆ ಕೂಗಿದಳು: “ಅಣ್ಣಯ್ಯ, ನಿಂಗೊಬ್ಬ ತಮ್ಮ ಹುಟ್ಟಿದಾನೆ ನೋಡು! ಊರಿಗೆಲ್ಲ ಬೆಲ್ಲ ಹಂಚು!”

ಈ ಸಲ ನಕ್ಕದ್ದು ಅವಳೊಬ್ಬಳೇ. ಅಪ್ಪ ಕೊಟ್ಟದ್ದನ್ನು ಇಟ್ಟುಕೊಳ್ಳಲು ಒಂದೋ ಹೆಂಡತಿಯಾಗಬೇಕು, ಇಲ್ಲವೇ ಮಗನಾಗಬೇಕು. ಬರೀ ಮಗಳಾಗಿದ್ದರೆ ಸಾಲದು.

ಎರಡು ಸಾವಿರದ ಈಚೆಗೆ ನನ್ನ ಮದುವೆಯಾಯಿತು. ಅಪ್ಪನ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆಸಿ ಗಂಡನ ಕಾರ್ಡಿಗೆ ಸೇರಿಸಿದರು. ಪಾರ್ಸೆಲ್ಲಿಗಾದರೂ ತೆಗೆದುಕೊಂಡವರು ಒಂದು ಸಹಿ ಹಾಕುತ್ತಾರೆ. ಮಂಟಪದಲ್ಲಿ ಅತ್ತೆ ಅಕ್ಷತೆ ಹಾಕುತ್ತಾ ಕಿವಿಯಲ್ಲಿ ಅಂದಳು: “ಆ ‘ಕೋಂ’ ತೆಗ್ಸಕ್ಕೆ ನಂಗೆ ಮೂರು ವರ್ಷ ಬೇಕಾಯ್ತು. ನಿಂಗೆ ಹಾಕಕ್ಕೆ ಒಂದು ಮುಹೂರ್ತ ಸಾಕು ನೋಡು.” ತಮಾಷೆ ಎಂದುಕೊಂಡು, ಫೋಟೋದವನು ಹೇಳಿದ ಕಡೆಗೆ ತಲೆ ಬಾಗಿಸಿದೆ.

ಅತ್ತೆ ಹೋದ ವರ್ಷ ತೀರಿಕೊಂಡಳು. ಎರಡೂವರೆ ಎಕರೆಯನ್ನು ‘ನನ್ನ ಅಣ್ಣನ ಮಗಳಿಗೆ’ ಎಂದು ಬರೆದಿಟ್ಟಿದ್ದಳು. ಮಗಳಿಗೆ. ಆ ಪದವನ್ನು ಕಚೇರಿ ಮತ್ತೊಮ್ಮೆ ನುಂಗಿದ ಕಾಗದವೇ ಹೋದ ವಾರ ನನ್ನ ಕೈಯಲ್ಲಿ ಬೆಚ್ಚಗಿದ್ದದ್ದು.

“ಮದುವೆ ಆಗಿದೆಯಲ್ಲ ಮೇಡಂ? ಹಂಗಾದ್ರೆ ಸರಿಯಾಗೇ ಇದೆ,” ಅಂದಳು ಕೌಂಟರಿನ ಹುಡುಗಿ.

“ನಂಗೆ ಆಗಿದೆ. ತೋಟಕ್ಕೆ ಆಗಿಲ್ಲ.”

ಹೊರಗೆ ಹೋಗಿ ಒಂದು ಬಿಳಿ ಹಾಳೆ ತಂದೆ. ಗೋಡೆಗೆ ಒತ್ತಿಟ್ಟು ತಿದ್ದುಪಡಿಯ ಅರ್ಜಿ ಬರೆದೆ. ಅಕ್ಷರ ಈಗಲೂ ದುಂಡಗಿದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ನಾನು ಯಾರ ಆಶ್ರಯದಲ್ಲಿಯೂ ಇರುವುದಿಲ್ಲ.’

ಹುಡುಗಿ ಓದಿ ತಲೆಯೆತ್ತಿದಳು. “ಇದನ್ನ ಯಾರೂ ಕೇಳಿಲ್ವಲ್ಲ ಮೇಡಂ?”

“ಒಂದ್ಸಲ ಕೇಳಿದ್ರು,” ಅಂದೆ. “ಆಗ ತಪ್ಪು ಬರೆದಿದ್ದೆ.”