ಕುರ್ಚಿಯ ಹಿಂದೆ ನಿಂತವರು

ನಾನು ಕಲಿತದ್ದು ನಾಲ್ಕನೇ ಕ್ಲಾಸು. ಆಮೇಲೆ ಮಾಟುಂಗದ ಹೋಟೆಲಿನಲ್ಲಿ ಮೇಜು ಒರೆಸಿ, ಸಪ್ಲಾಯರ್ ಆಗಿ ಆಯುಷ್ಯ ಕಳೆದೆ. ಅಂಥವನು ಪುಸ್ತಕದ ವಿಷಯ ಬರೆಯಲು ಕೂತಿದ್ದೇನೆ. ಬರೆಯದಿದ್ದರೆ ಈ ಖುಷಿ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ.

ಮೊಮ್ಮಗಳಿಗೆ ಹದಿನಾರು. ಆಟಿಸಂ ಇದೆ. ಎದುರಿನವರ ಮುಖ ನೋಡಿ ಮನಸ್ಸು ಊಹಿಸುವುದು ಅವಳಿಗೆ ಕಷ್ಟ, ಬಾಯಿಬಿಟ್ಟು ಹೇಳಿದರೆ ಚೆನ್ನಾಗಿ ತಿಳಿಯುತ್ತದೆ. ಅವಳ ಟೀಚರ್ ಕೆಲವು ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ಯಾರಾದರೂ ಮಾತಾಡಿಸಿದರೆ ಏನನ್ನಬೇಕು, ಎಷ್ಟು ದೂರ ನಿಲ್ಲಬೇಕು, ಗಲಾಟೆ ತಡೆಯದಿದ್ದರೆ ಏನು ಮಾಡಬೇಕು, ಎಲ್ಲ ಚಿತ್ರ ಸಮೇತ. ಅವಳು ಓದಿ ಹೇಳಿದಂತೆ ನಾವು ಆಡಿ ನೋಡುತ್ತಿದ್ದೆವು. ಕುರ್ಲಾದ ನಮ್ಮ ಕೋಣೆಯೇ ಹೋಟೆಲು. ನಾನು ಸಪ್ಲಾಯರ್, ಅವಳು ಗಿರಾಕಿ. ನಾನು ದುಡಿದ ಹೋಟೆಲಿನಲ್ಲಿ ಒಬ್ಬಳೇ ಕೂತು ದೋಸೆ ತಿನ್ನಬೇಕು ಅನ್ನುವುದು ಅವಳ ಆಸೆ.

ಮೊದಲ ಸಲ ಹೋದಾಗ ನಾನು ಹೊರಗೆ ನಿಂತೆ. ಭಾನುವಾರ, ಗಿಜಿಗಿಜಿ ಜನ. ಅರ್ಧ ದೋಸೆ ಆಗುವಷ್ಟರಲ್ಲಿ ಒಬ್ಬ ಬಂದು ಅವಳ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ. ಅವಳು ಕಿವಿ ಮುಚ್ಚಿಕೊಂಡು ಮೇಜಿನಡಿ ಕೂತುಬಿಟ್ಟಳು. ನನ್ನ ಮಗಳು, ಅವಳ ಅಮ್ಮ, ಕಡ್ಡಿ ಮುರಿದ ಹಾಗೆ ಹೇಳಿದಳು: "ಇನ್ನೊಮ್ಮೆ ಹೀಗಾದರೆ ಒಬ್ಬಳೇ ಹೋಗುವ ಮಾತೇ ಬೇಡ, ಅಪ್ಪ."

ತಪ್ಪು ನನ್ನದು. ನಮ್ಮ ಹೋಟೆಲುಗಳಲ್ಲಿ ತಿನ್ನುವವರ ಹಿಂದೆ ನಿಂತು ಕುರ್ಚಿ ಕಾಯುವುದು ಮಾಮೂಲು. ದಿನಾ ಅದನ್ನೇ ನೋಡಿದ ನನಗೆ ಅದನ್ನು ಹೇಳಿಕೊಡಬೇಕು ಅಂತ ಹೊಳೆಯಲೇ ಇಲ್ಲ. ಪುಸ್ತಕ ಬರೆದವರೂ ಮಾಟುಂಗದಲ್ಲಿ ದೋಸೆ ತಿಂದಿರಲಿಕ್ಕಿಲ್ಲ.

"ಹಾಗಾದರೆ ಆ ಪಾಠ ನಾವೇ ಬರೆಯುವ," ಅಂದೆ.

"ಅಜ್ಜ, ನಿಮ್ಮ ಅಕ್ಷರ ಗಂದಾ ಹೈ."

"ನೀನು ಬರಿ ಮಾರಾಯ್ತಿ, ನಾನು ಹೇಳುತ್ತೇನೆ."

ಬರೆದೆವು: "ಹಿಂದೆ ನಿಂತವನಿಗೆ ಬೇಕಾದದ್ದು ಕುರ್ಚಿ. ನನ್ನ ಮೇಲೆ ಸಿಟ್ಟಿಲ್ಲ. ಹೆದರಿಕೆಯಾದರೆ 'ದೂರ ನಿಲ್ಲಿ' ಅನ್ನಬಹುದು." ಚಿತ್ರ ಅವಳದ್ದು. ಒಂದು ತಿಂಗಳು ದಿನಾ ಸಂಜೆ ಮನೆಯಲ್ಲೇ ಅವಳ ಕುರ್ಚಿಯ ಹಿಂದೆ ನಿಂತೆ. ಮಂಡಿ ನೋಯುತ್ತಿತ್ತು, ಬಿಡಲಿಲ್ಲ. "ಆಯುಷ್ಯವಿಡೀ ನಿಂತದ್ದು ಸಾಲಲಿಲ್ಲ ಇವರಿಗೆ," ಎಂದು ಹೆಂಡತಿ ನಗುತ್ತಿದ್ದಳು.

ಹೋದ ಭಾನುವಾರ, ಬೇಕೆಂದೇ ಜನ ತುಂಬಿದ ಹೊತ್ತಿಗೆ ಮತ್ತೆ ಹೋದೆವು. ನಾನು ಗಾಜಿನಾಚೆ. ಚೀಲ ಹಿಡಿದ ಒಬ್ಬ ಹೆಂಗಸು ಬಂದು ಅವಳ ಹಿಂದೆ ನಿಂತರು. ಮೊಮ್ಮಗಳ ಕೈ ಕಿವಿಯವರೆಗೆ ಹೋಗಿ ಅಲ್ಲೇ ತಡೆಯಿತು. ಆಮೇಲೆ ಕೆಳಗಿಳಿಯಿತು. ತಿರುಗಿ ಏನೋ ಹೇಳಿದಳು. ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದು, ತಿನ್ನು ಅಂತ ಸನ್ನೆ ಮಾಡಿದರು. ನನಗೆ ಗಾಜು ಮಂಜಾಯಿತು.

ಚಟ್ನಿಯನ್ನೂ ಬಿಡದೆ ತಿಂದು ಹೊರಬಂದಳು.

"ಏನು ಹೇಳಿದಿ?"

"ಆಧಾ ದೋಸೆ ಬಾಕಿ ಇದೆ, ಥೋಡಾ ದೂರ ನಿಲ್ಲಿ ಅಂದೆ. ಅಜ್ಜ, ನಮ್ಮ ಪುಸ್ತಕದಲ್ಲಿ ಗಂಡಸಿನ ಚಿತ್ರ ಮಾತ್ರ ಇದೆ. ಆಂಟಿಯನ್ನೂ ಹಾಕಬೇಕು, ಚೀಲ ಸಮೇತ."

ಹಾಕಿದ್ದಾಳೆ. ಮುಂದಿನ ಪಾಠ ಲೋಕಲ್ ರೈಲಿನ ಲೇಡೀಸ್ ಡಬ್ಬ. ಅದು ನನಗೆ ಗೊತ್ತಿಲ್ಲ. ಮೊನ್ನೆ ಅವಳ ಅಮ್ಮ ತಾನೇ ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತಳು.