ಆ ಹೆಸರಿನ ಮೂವರು ರಾಣಿಯರು

ರಾಯಚೂರಿನಲ್ಲಿ ಗೋರಿಕಲ್ಲಿನ ಮೇಲೆ ಹೆಸರು ಕೆತ್ತುವ ಚಾಚಾ ಒಬ್ಬರಿದ್ದರು. ಯಾರ ಹೆಸರು ಕೆತ್ತಿದರೂ, ಅದೇ ಹೆಸರಿನ ಸುಲ್ತಾನರನ್ನೂ ಸಂತರನ್ನೂ ಪೈಲ್ವಾನರನ್ನೂ ನೆನೆಯುತ್ತಿದ್ದರು. ಮಾನ್ವಿಯಲ್ಲಿ ಹತ್ತಿ ಹೊರುತ್ತಿದ್ದ ನನ್ನಪ್ಪನ ಕಲ್ಲಿನಿಂದ ಪುಡಿ ಊದುತ್ತಾ, "ಈ ಹೆಸರಿನ ದೊಡ್ಡ ಮಂದಿ ಭಾಳ ಆಗ್ಯಾರ್ರೀ. ನಿಮ್ಮಪ್ಪಗ ಜೊತಿ ಅದ ಬಿಡ್ರೀ" ಎಂದಿದ್ದರು. ಅಷ್ಟಕ್ಕೇ ನಾನು ಅತ್ತುಬಿಟ್ಟಿದ್ದೆ. ದೇವದುರ್ಗದ ಮುದುಕಿಯೊಬ್ಬಳ ಕಲ್ಲು ಕೆತ್ತುವಾಗ ಆಕೆಯ ಹೆಸರಿನ ಮೂವರು ರಾಣಿಯರ ಕಥೆ ಹೇಳಿದ್ದರು.

ಕಳೆದ ಬೇಸಿಗೆಯಲ್ಲಿ ಹೋದಾಗ ಅದೇ ಹೆಸರನ್ನು ಮೊಳದುದ್ದದ ಕಲ್ಲಿನ ಮೇಲೆ ಕೆತ್ತುತ್ತಿದ್ದರು. ಅವರ ಮೊಮ್ಮಗಳು ಜ್ವರಕ್ಕೆ ತೀರಿಕೊಂಡಿದ್ದಳು. ಏನು ಹೇಳಬೇಕೋ ತಿಳಿಯದೆ ಅವರ ಮಾತನ್ನೇ ಎತ್ತಿದೆ: "ಚಾಚಾ, ಈ ಹೆಸರಿನ ರಾಣಿಯರು ಮೂರು ಮಂದಿ ಇದ್ರಲ್ರೀ?"

ಉಳಿ ನಿಂತಿತು.

"ಯಾರೂ ಇದ್ದಿಲ್ರೀ" ಎಂದರು. "ಇಕಿ ಒಬ್ಬಾಕಿನ ಇದ್ಲು."